ಚಕ್ರದ ಬಳಿ ಗ್ರೀಸ್ ಕಂಡರೆ ಡ್ರೈವ್‌ಶಾಫ್ಟೇ ಬದಲಿಸಬೇಕಾ?

"ಮುಂದಿನ ಚಕ್ರದ ಒಳಗಡೆ ಗ್ರೀಸ್ ಕಂಡರೆ ಡ್ರೈವ್‌ಶಾಫ್ಟ್ ಹೋಯ್ತು ಅಂತಲೇ ಅರ್ಥ, ಪೂರ್ತಿ ಬದಲಿಸಿ" ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಡ್ರೈವ್‌ಶಾಫ್ಟ್ ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ತಿರುಗುವ ದಂಡ.

ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಕಾರುಗಳಲ್ಲಿ ಪ್ರತಿ ಶಾಫ್ಟಿಗೂ ಎರಡು ಸಿವಿ ಜಾಯಿಂಟ್ (ಶಾಫ್ಟ್ ಬಾಗಿದ ಕೋನದಲ್ಲಿದ್ದರೂ ಸರಾಗವಾಗಿ ತಿರುಗಲು ಬಿಡುವ ಕೀಲು) ಇರುತ್ತವೆ. ಒಂದು ಚಕ್ರದ ಕಡೆ, ಇನ್ನೊಂದು ಗೇರ್‌ಬಾಕ್ಸ್ ಕಡೆ. ಎರಡಕ್ಕೂ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್, ಅಂದರೆ ಗ್ರೀಸನ್ನು ಒಳಗೇ ಹಿಡಿದಿಡುವ ಹೊದಿಕೆ, ಇದೆ. ಹೆಚ್ಚಾಗಿ ಹರಿಯುವುದು ಆ ಬೂಟು. ಶಾಫ್ಟ್ ತಿರುಗುವಾಗ ಗ್ರೀಸ್ ಹೊರಗೆ ಎರಚಿ ರಿಮ್ಮಿನ ಒಳಮೈಗೆ ಅಂಟುತ್ತದೆ.

ಮೊದಲು ಬೆರಳಲ್ಲಿ ಮುಟ್ಟಿ ನೋಡಿ. ಕಪ್ಪಗೆ, ಗಟ್ಟಿಯಾಗಿ ಅಂಟಿದರೆ ಗ್ರೀಸ್. ಗೇರ್‌ಬಾಕ್ಸ್ ಪಕ್ಕದಿಂದ ತೆಳ್ಳಗೆ ತೊಟ್ಟಿಕ್ಕುತ್ತಿದ್ದರೆ ಅದು ಗೇರ್ ಆಯಿಲ್ ಇರಬಹುದು, ಆಗ ಆಯಿಲ್ ಸೋರದಂತೆ ತಡೆಯುವ ಸೀಲ್ ನೋಡಿಸಬೇಕು. ಚಕ್ರದ ಬಳಿ ನೀರಿನಷ್ಟು ತೆಳ್ಳಗಿದ್ದು ಬ್ರೇಕ್ ಆಯಿಲ್ ಮಟ್ಟವೂ ಇಳಿದಿದ್ದರೆ ಗಾಡಿ ಓಡಿಸಲೇಬೇಡಿ.

ಗ್ರೀಸೇ ಆಗಿದ್ದರೆ ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸಿ. ಟಕ್ ಟಕ್ ಸದ್ದು ಬಂದರೆ ಚಕ್ರದ ಕಡೆಯ ಜಾಯಿಂಟ್ ಸವೆದಿರುವ ಸಾಧ್ಯತೆ ಜಾಸ್ತಿ. ಸದ್ದಿಲ್ಲ, ಜಾಯಿಂಟ್ ಸಡಿಲವಾಗಿ ಅಲ್ಲಾಡುತ್ತಿಲ್ಲ, ಒಳಗೆ ಮಣ್ಣು ಹೋಗಿಲ್ಲ ಎಂದರೆ ಸಾಮಾನ್ಯವಾಗಿ ಜಾಯಿಂಟ್ ತೊಳೆದು, ಹೊಸ ಬೂಟ್, ಹೊಸ ಗ್ರೀಸ್, ಹೊಸ ಕ್ಲಿಪ್ ಹಾಕಿದರೆ ಸಾಕು.

ಹಾಗಂತ ಸುಮ್ನೆ ಬಿಡಬೇಡಿ, ದಯವಿಟ್ಟು. ಹರಿದ ಬೂಟಿನೊಳಗೆ ಮಳೆನೀರು, ಮರಳು ಸೇರಿದರೆ ಜಾಯಿಂಟ್ ಬೇಗ ಹಾಳಾಗುತ್ತದೆ. ಆಮೇಲೆ ಬೂಟ್ ಹಾಕಿ ಏನು ಪ್ರಯೋಜನ, ಅಲ್ವಾ?