ಸ್ಪಷ್ಟನೆ: ಸೇನೆಯ ನರ್ಸ್‌ಗಳಿಗೆ ರ‍್ಯಾಂಕ್ ಇದೆ

‘ಸೇನೆಯ ನರ್ಸ್‌ಗಳು ಬರೀ ಸ್ವಯಂಸೇವಕಿಯರು, ರ‍್ಯಾಂಕ್ ಇಲ್ಲ’ ಅಂತ ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಸೇರುವವರು ಲೆಫ್ಟಿನೆಂಟ್ ಆಗಿಯೇ ಶುರು ಮಾಡುತ್ತಾರೆ, ಮೇಜರ್ ಜನರಲ್ ತನಕ ಏರಬಹುದು. ಅವರು ಅಧಿಕಾರಿಗಳು ಎನ್ನುವುದಕ್ಕೆ 1943ರ ಸುಗ್ರೀವಾಜ್ಞೆಯೇ ಆಧಾರ.

ಯುದ್ಧದ ಹೊತ್ತಲ್ಲಿ ಅವರ ಕೆಲಸ ಬ್ಯಾಂಡೇಜ್ ಕಟ್ಟುವಷ್ಟಕ್ಕೇ ಮುಗಿಯುವುದಿಲ್ಲ. ಗಾಯಾಳುಗಳು ಒಟ್ಟಿಗೇ ಬಂದಾಗ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸಬೇಕು. ರಕ್ತ ನಿಲ್ಲಿಸಲು ಕೈಗೋ ಕಾಲಿಗೋ ಪಟ್ಟಿ ಬಿಗಿದರೆ, ಬಿಗಿದ ಸಮಯ ಬರೆದಿಡಲೇಬೇಕು. ಜಾಸ್ತಿ ಹೊತ್ತು ಹಾಗೇ ಬಿಟ್ಟರೆ ಆ ಕೈಕಾಲೇ ಹೋಗಬಹುದು.

ನೌಕಾನೆಲೆ, ಪತಂಜಲಿ ನೌಕಾ ಆಸ್ಪತ್ರೆ ಇರುವ ನಮ್ಮೂರಲ್ಲೇ ಇಂಥ ಮಾತು ಹರಡುವುದು ಬೇಸರದ ಸಂಗತಿ, ಅಲ್ವಾ? ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಆ ಸಂದೇಶ ಬಂದ ಗುಂಪಿಗೆ ಇದನ್ನು ಹಾಕಿ.