ಉಂಗುರವಿಲ್ಲದ ಡ್ಯಾನ್ ಮರೀನೊ: ಶ್ರೇಷ್ಠರ ಮೊದಲ ಸಾಲಿನಲ್ಲಿ ಜಾಗ ಇದೆಯೇ?

ಪರ: ಬೆಂಚಿನ ಮೇಲೆ ಕೂತವನ ತಪ್ಪೇನು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಕೈಗೆ ಬಂದ ಕೂಡಲೇ ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಟ್ಟು ಓಡಿಸಬೇಕು ಎಂದು ತೀರ್ಮಾನಿಸುವವನು. ಆದರೆ ಚೆಂಡು ಎದುರಾಳಿಗೆ ಹೋದ ಮೇಲೆ ಅವನು ಬೆಂಚಿಗೆ ಹೋಗಿ ಕೂರಬೇಕು. ತನ್ನ ತಂಡದ ಡಿಫೆನ್ಸ್ ಎಷ್ಟು ಪಾಯಿಂಟ್ ಬಿಟ್ಟುಕೊಡುತ್ತದೆ ಎಂದು ನೋಡುತ್ತಾ ಕೂರುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿಲ್ಲ. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಮರೀನೊಗೆ ಸೀಸನ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಉಂಗುರ ಸಿಗಲೇ ಇಲ್ಲ. ‘ಮರೀನೊ ಸೂಪರ್ ಬೌಲ್ ಗೆಲ್ಲಲಿಲ್ಲ’ ಎನ್ನುವವರು ಮೊದಲು ಬೆಂಚಿನ ಈ ಮಾತನ್ನು ಮರೆಯುತ್ತಾರೆ.

1983ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವನಿಗಿಂತ ಮೊದಲು ಐದು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಮಯಾಮಿ ಡಾಲ್ಫಿನ್ಸ್ ತಂಡ 27ನೆಯ ಸರದಿಯಲ್ಲಿ ಅವನನ್ನು ತೆಗೆದುಕೊಂಡಿತು. ಮರುವರ್ಷ ಅವನು ಎಸೆದದ್ದು 5,084 ಗಜ, 48 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಪಾಯಿಂಟ್ ಗಳಿಸುವುದು). ಒಂದು ಸೀಸನ್‌ನಲ್ಲಿ ಅದುವರೆಗೆ ಯಾರೂ 36 ದಾಟಿರಲಿಲ್ಲ. ದಾಖಲೆ ಮುರಿಯುವವರು ಒಂದೆರಡು ಜಾಸ್ತಿ ಮಾಡುತ್ತಾರೆ. ಇವನು ಒಂದೇ ಸಲಕ್ಕೆ ಹನ್ನೆರಡು ಜಾಸ್ತಿ ಮಾಡಿದ! ಆ 48 ಮುರಿಯಲು ಪೇಟನ್ ಮ್ಯಾನಿಂಗ್ 2004ರಲ್ಲಿ ಬರಬೇಕಾಯಿತು. 5,084 ಮುರಿದದ್ದು 2011ರಲ್ಲಿ. ಅಷ್ಟರಲ್ಲಿ ನಿಯಮಗಳು ಎಸೆಯುವವರ ಕಡೆಗೇ ವಾಲಿದ್ದವು. ಮರೀನೊ ಕಾಲದಲ್ಲಿ ಚೆಂಡು ಹಿಡಿಯಲು ಓಡುವವನನ್ನು ತಳ್ಳಿ, ಎಳೆದು ಕಾಡುವುದಕ್ಕೆ ಇಷ್ಟು ಕಟ್ಟುನಿಟ್ಟಿನ ತಡೆ ಇರಲಿಲ್ಲ.

ಸರಿ, 1985ರ ಜನವರಿಯ ಆ ಸೂಪರ್ ಬೌಲ್‌ಗೇ ಬರೋಣ. ಸ್ಯಾನ್ ಫ್ರಾನ್ಸಿಸ್ಕೊ 38, ಮಯಾಮಿ 16. ಅವತ್ತು ಮಯಾಮಿ ತಂಡ ಇಡೀ ಆಟದಲ್ಲಿ ಚೆಂಡು ಹಿಡಿದು ಓಡಿದ್ದು 25 ಗಜ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಒಬ್ಬನೇ 59 ಗಜ ಓಡಿದ. ಓಡುವವರಿಲ್ಲದ ತಂಡ ಮುಂದೇನು ಮಾಡುತ್ತದೆ ಎಂದು ಎದುರಾಳಿಗೆ ಮೊದಲೇ ಗೊತ್ತು. ಎಸೆಯುತ್ತದೆ, ಮತ್ತೆ ಎಸೆಯುತ್ತದೆ. 23 ವರ್ಷದ ಹುಡುಗ ಅವತ್ತು 50 ಸಲ ಎಸೆದ. ಅವನು 17 ವರ್ಷ ಆಡಿದ. ಅಷ್ಟೂ ವರ್ಷಗಳಲ್ಲಿ ಒಂದು ಸೀಸನ್‌ಗೆ ಸಾವಿರ ಗಜ ಓಡುವ ಆಟಗಾರ ಅವನ ಪಕ್ಕದಲ್ಲಿದ್ದದ್ದು 1996ರಲ್ಲಿ ಮಾತ್ರ.

ಅದೇ 1983ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಜಾನ್ ಎಲ್ವೆಯನ್ನು ನೋಡಿ. ಮೂರು ಸೂಪರ್ ಬೌಲ್ ಸೋತ. ಕೊನೆಗೆ 1998ರ ಜನವರಿಯಲ್ಲಿ ಗೆದ್ದಾಗ ಅವನು ಎಸೆದದ್ದು ಬರೀ 123 ಗಜ. ಟಚ್‌ಡೌನ್ ಎಸೆತ ಒಂದೂ ಇಲ್ಲ. ಅವನ ತಂಡದ ಟೆರೆಲ್ ಡೇವಿಸ್ 157 ಗಜ ಓಡಿ ಮೂರು ಟಚ್‌ಡೌನ್ ಗಳಿಸಿದ. ಎಲ್ವೆಯನ್ನು ಕೀಳು ಮಾಡಲು ಹೇಳುತ್ತಿಲ್ಲ. ಮರೀನೊಗೆ ಒಬ್ಬ ಡೇವಿಸ್ ಇದ್ದಿದ್ದರೆ? ಬೆಂಚಿನ ಮೇಲೆ ಕೂತಿದ್ದಾಗ ಎದುರಾಳಿಯನ್ನು ತಡೆಯುವ ಒಂದು ಡಿಫೆನ್ಸ್ ಇದ್ದಿದ್ದರೆ?

ಈ ಆಟ ನನಗೆ ಅರ್ಥವಾದದ್ದೇ ಮರೀನೊನಿಂದ. 1994ರ ನವೆಂಬರ್. ನಾನು ಕೆಲಸಕ್ಕೆಂದು ನ್ಯೂ ಜೆರ್ಸಿಗೆ ಹೋಗಿ ಮೂರು ತಿಂಗಳಾಗಿತ್ತು. ಥ್ಯಾಂಕ್ಸ್‌ಗಿವಿಂಗ್ ರಜೆಯ ಭಾನುವಾರ. ಊರಿನ ನೆನಪು ತಡೆಯಲಾಗದೆ ಸುಮ್ನೆ ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗಿನ ಮನೆಯ ಅಜ್ಜ ಒಳಗೆ ಕರೆದರು. ನಾನು ಮಾಡಿಟ್ಟಿದ್ದ ಚಿತ್ರಾನ್ನ ತೆಗೆದುಕೊಂಡು ಹೋದೆ. ಟಿವಿಯಲ್ಲಿ ನ್ಯೂ ಯಾರ್ಕ್ ಜೆಟ್ಸ್ ಮತ್ತು ಮಯಾಮಿ ಆಟ. ಅಜ್ಜ ಜೆಟ್ಸ್ ಅಭಿಮಾನಿ. ಮೇಜಿನ ಮೇಲೆ ಚಿಲ್ಲರೆ ಕಾಸು ಜೋಡಿಸಿ ಯಾರು ಎಲ್ಲಿ ನಿಲ್ಲುತ್ತಾರೆ ಎಂದು ತೋರಿಸಿಕೊಟ್ಟರು. ಮರೀನೊಗೆ ಒಂದು ದೊಡ್ಡ ಕಾಸು ಇಟ್ಟರು. ಹಿಂದಿನ ವರ್ಷ ಅವನ ಹಿಮ್ಮಡಿಯ ನರ ಹರಿದು ಸೀಸನ್ನೇ ಹೋಗಿತ್ತು ಎಂದರು.

ಜೆಟ್ಸ್ 24-6 ಮುಂದಿತ್ತು. ಅಜ್ಜ ಖುಷಿಯಲ್ಲಿದ್ದರು. ಆಮೇಲೆ ಮರೀನೊ ಶುರು ಮಾಡಿದ. ಅರ್ಧ ನಿಮಿಷವೂ ಇಲ್ಲ ಎನ್ನುವಾಗ ಮಯಾಮಿ ಮೂರು ಪಾಯಿಂಟ್ ಹಿಂದೆ. ಅವನು ‘ಕ್ಲಾಕ್, ಕ್ಲಾಕ್’ ಎಂದು ಕೂಗುತ್ತಾ, ಚೆಂಡನ್ನು ನೆಲಕ್ಕೆ ಹೊಡೆದು ಗಡಿಯಾರ ನಿಲ್ಲಿಸುತ್ತೇನೆ ಎಂದು ಕೈಸನ್ನೆ ಮಾಡಿದ. ಎಲ್ಲರೂ ನಂಬಿದರು. ಜೆಟ್ಸ್‌ನ ಹುಡುಗ ಆರನ್ ಗ್ಲೆನ್ ಒಂದು ಕ್ಷಣ ಮೈ ಮರೆತ. ಮರೀನೊ ನೆಲಕ್ಕೆ ಹೊಡೆಯಲಿಲ್ಲ. ಮೂಲೆಗೆ ಓಡಿದ ಮಾರ್ಕ್ ಇಂಗ್ರಮ್‌ಗೆ ಎಸೆದ. 28-24.

ಕ್ರೀಡಾಂಗಣ ತಣ್ಣಗಾಯಿತು. ಆ ವರ್ಷ ಜೆಟ್ಸ್ ಉಳಿದ ನಾಲ್ಕೂ ಪಂದ್ಯ ಸೋತಿತು. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೇಜಿನಿಂದ ಆ ದೊಡ್ಡ ಕಾಸನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಇವನಿಗೊಂದು ಉಂಗುರ ಸಿಗಬೇಕು ಕಣಪ್ಪ ಎಂಬ ಧಾಟಿಯಲ್ಲಿ ಏನೋ ಹೇಳಿದರು. ಸೋತ ತಂಡದ ಅಭಿಮಾನಿ ಹೇಳಿದ ಮಾತು ಅದು. ಆ ಕಾಸು ಇವತ್ತಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ವಿರೋಧ: ಹದಿನೇಳು ವರ್ಷ ಕಡಿಮೆಯೇನಲ್ಲ

ವಿರೋಧದ ಬದಿ ನೀವು ಬರೆಯಿರಿ ಎಂದು ಕೇಳಿದರು, ಒಪ್ಪಿದೆ. ಮರೀನೊ ಅವರ ಎಸೆತ ನನಗೂ ಇಷ್ಟ. ಅವರಷ್ಟು ಬೇಗ ಚೆಂಡು ಕೈಬಿಡುವವರನ್ನು ನಾನು ಜಾಸ್ತಿ ನೋಡಿಲ್ಲ. ಆದರೆ ಪ್ರಶ್ನೆ ಇರುವುದು ಮೊದಲ ಸಾಲಿನ ಬಗ್ಗೆ.

ಪ್ಲೇಆಫ್ ಅಂದರೆ ಸೋತರೆ ಮನೆಗೆ. ಅಲ್ಲಿ ಮರೀನೊ ಗೆದ್ದದ್ದು 8, ಸೋತದ್ದು 10. 1986ರ ಜನವರಿಯಲ್ಲಿ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ. ತಮ್ಮದೇ ಆರೆಂಜ್ ಬೌಲ್ ಮೈದಾನ. ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅಲ್ಲಿ 1966ರಿಂದ ಗೆದ್ದೇ ಇರಲಿಲ್ಲ. ಮರೀನೊ ಎರಡು ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದರು. ಮಯಾಮಿ 31-14ರಿಂದ ಸೋತಿತು. ಬಫಲೊ ತಂಡದ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲಿ ಕೂಡ 1983ರ ಡ್ರಾಫ್ಟ್‌ನವರೇ. ಅವರ ತಂಡದ ಎದುರು ಮರೀನೊ ತಂಡ ಪ್ಲೇಆಫ್‌ನಲ್ಲಿ ಮೂರು ಸಲ ಸೋತಿತು, ಒಂದು ಸಲ ಮಯಾಮಿಯಲ್ಲೇ.

ಡಿಫೆನ್ಸ್ ಸರಿಯಿರಲಿಲ್ಲ, ಓಡುವವರಿರಲಿಲ್ಲ ಎಂದು ಅಭಿಮಾನಿಗಳು ಹೇಳುತ್ತಲೇ ಇರುತ್ತಾರೆ. ಸೋತ ಯಾರನ್ನು ಕೇಳಿದರೂ ಇಂಥ ಕಾರಣ ಸಿಗುತ್ತದೆ ಅಲ್ವಾ? ಕೋಚ್ ಡಾನ್ ಶೂಲಾ ಅಂಥವರು ಹದಿಮೂರು ವರ್ಷ ಬೆನ್ನಿಗಿದ್ದರು. ಚೆಂಡು ಹಿಡಿಯಲು ಮಾರ್ಕ್ ಡ್ಯೂಪರ್, ಮಾರ್ಕ್ ಕ್ಲೇಟನ್ ಇದ್ದರು.

ಮೊಂಟಾನಾ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಗೆದ್ದರು. ಆ ನಾಲ್ಕರಲ್ಲಿ ಅವರು ಎಸೆದ ಒಂದು ಚೆಂಡೂ ಎದುರಾಳಿಯ ಕೈ ಸೇರಲಿಲ್ಲ. ಎಲ್ವೆಯವರನ್ನು ನೆನೆದರೆ ನನಗೆ ಗಜದ ಲೆಕ್ಕ ಕಾಣುವುದಿಲ್ಲ. 37ನೇ ವಯಸ್ಸಿನಲ್ಲಿ, ಸೂಪರ್ ಬೌಲ್‌ನಲ್ಲಿ, ಚೆಂಡು ಹಿಡಿದು ತಾವೇ ಓಡಿ ಹಾರಿದ್ದು ಕಾಣುತ್ತದೆ. ಎರಡೂ ಕಡೆಯಿಂದ ಹೊಡೆತ ಬಿದ್ದು ಗಾಳಿಯಲ್ಲೇ ತಿರುಗಿ ಬಿದ್ದರು. ಆದರೂ ಬೇಕಾದಷ್ಟು ದೂರ ದಾಟಿದ್ದರು. ಮೊದಲ ಸಾಲು ಅಂದರೆ ನನಗೆ ಅದು.

2000ದ ಜನವರಿಯಲ್ಲಿ ಮರೀನೊ ಆಡಿದ ಕೊನೆಯ ಪಂದ್ಯವನ್ನು ಮಯಾಮಿ 62-7ರಿಂದ ಸೋತಿತು. ಆಮೇಲೂ ಮಿನ್ನೆಸೋಟಾ ವೈಕಿಂಗ್ಸ್ ಅವರನ್ನು ಕರೆಯಿತು. ಅವರು ಹೋಗಲಿಲ್ಲ, ನಿವೃತ್ತಿ ಹೇಳಿದರು. ಮುಂದಿನ ಸೀಸನ್‌ನಲ್ಲಿ ವೈಕಿಂಗ್ಸ್ ಸೂಪರ್ ಬೌಲ್‌ಗೆ ಒಂದು ಪಂದ್ಯ ಬಾಕಿ ಇರುವಲ್ಲಿಯವರೆಗೂ ಹೋಯಿತು. ಮಯಾಮಿ ಬಿಟ್ಟು ಬೇರೆ ತಂಡದ ಅಂಗಿ ತೊಡದ ಮರೀನೊ ಬಗ್ಗೆ ನನಗೂ ಗೌರವ ಇದೆ. ಆದರೆ ಕೊನೆಯ ಸಲ ಬಾಗಿಲು ತೆರೆದಾಗ ಬೇಡ ಎಂದವರು ಅವರೇ.