ಟಿಎಸ್‌ಎಚ್ ಸರಿಹೋದರೆ ಮಾತ್ರೆ ನಿಲ್ಲಿಸಬಹುದೇ? ಒಂದು ಸ್ಪಷ್ಟನೆ

ಮುಂಬಯಿ ಭಾಗದ ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ‘ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು; ರಕ್ತಪರೀಕ್ಷೆಯಲ್ಲಿ ಅಳೆಯುವಂಥದ್ದು) ಸಹಜ ಮಟ್ಟಕ್ಕೆ ಬಂದರೆ ಥೈರಾಯ್ಡ್ ವಾಸಿಯಾದಂತೆ, ಮಾತ್ರೆ ಬಿಟ್ಟು ಕೊತ್ತಂಬರಿ ಬೀಜದ ನೀರು ಕುಡಿದರೆ ಸಾಕು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಥೈರಾಯ್ಡ್ ಕೊರತೆಗೆ ಕೊಡುವ ಲಿವೋಥೈರಾಕ್ಸಿನ್ ಮಾತ್ರೆಯು ಗ್ರಂಥಿಯನ್ನು ಗುಣಪಡಿಸುವುದಿಲ್ಲ, ಗ್ರಂಥಿ ಸ್ರವಿಸಲಾರದ ಹಾರ್ಮೋನಿನ ಕೊರತೆಯನ್ನು ತುಂಬುತ್ತದೆ. ಆದ್ದರಿಂದ ವರದಿ ಸಹಜವಾಗಿದ್ದರೆ ಮಾತ್ರೆಯ ಈಗಿನ ಪ್ರಮಾಣ ಹೊಂದಿಕೊಂಡಿದೆ ಎಂದಷ್ಟೇ ತಿಳಿಯಬೇಕು.

ಮಾತ್ರೆ ಬಿಟ್ಟ ಮೇಲೂ ಕೆಲವು ದಿನ ಆರಾಮವಾಗಿರುವುದು ನಿಜ. ಜನ ಮೋಸಹೋಗುವುದೂ ಅಲ್ಲಿಯೇ. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕಾಗುವುದರಿಂದ ಸುಸ್ತು, ಮಲಬದ್ಧತೆ, ಮುಖದ ಬಾವು ನಿಧಾನವಾಗಿ ಮರಳುತ್ತವೆ. ಪ್ರಮಾಣ ಬದಲಿಸಿದ ಮೇಲೆ 6ರಿಂದ 8 ವಾರ ಕಳೆದು ರಕ್ತಪರೀಕ್ಷೆ ಮಾಡಿಸುವುದಕ್ಕೂ ಈ ನಿಧಾನವೇ ಕಾರಣ. ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತದಂಥ ಸಂದರ್ಭಗಳಲ್ಲಿ ಕೊರತೆ ತಾತ್ಕಾಲಿಕವಾಗಿರಬಹುದಾದರೂ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಬೆಳಗಿನ ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಮಾತ್ರೆಯ ಬೆನ್ನಿಗೇ ಚಹಾ ಕುಡಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾ–ತಿಂಡಿಗೆ ಕನಿಷ್ಠ ಅರ್ಧ ಗಂಟೆ, ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆ ಅಂತರವಿಡಬೇಕು.

ಈ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿಯರಿಗೆ ಸಾಮಾನ್ಯವಾಗಿ ಪ್ರಮಾಣವನ್ನು ಹೆಚ್ಚಿಸಬೇಕಾಗುವುದರಿಂದ ಅವರ ಪಾಲಿಗೆ ಈ ಸಂದೇಶ ಇನ್ನಷ್ಟು ಅಪಾಯಕಾರಿ. ದಯವಿಟ್ಟು ಆ ಸಂದೇಶವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.